ತಿಳಿನೀರಿನ ಲೆಕ್ಕದಲ್ಲಿ ಬಸವನಹುಳುವಿನ ಪಾಲು

ನಮ್ಮೂರಿನಲ್ಲಿ ಎರಡು ಕೆರೆಗಳಿವೆ. ಮೇಲಿನ ಕೆರೆಯ ಕೋಡಿ ದಾಟಿ ಗದ್ದೆಯ ಅಂಚು ಹಿಡಿದು ಇಳಿದರೆ ಐದು ನಿಮಿಷದಲ್ಲಿ ಕೆಳಗಿನ ಕೆರೆ ಸಿಗುತ್ತದೆ. ಸಾಗರ, ಸೊರಬದ ಕಡೆ ಇದೇನೂ ವಿಶೇಷವಲ್ಲ. ಗುಡ್ಡದ ಬುಡಕ್ಕೊಂದು ಕೆರೆ, ಅದರ ಕೆಳಗೆ ಗದ್ದೆ, ತೋಟ, ಅದು ಮುಗಿಯುವಲ್ಲಿ ಮತ್ತೊಂದು ಕೆರೆ, ಹೀಗೆ ಸರಪಣಿ. ಎರಡಕ್ಕೂ ಬೀಳುವುದು ಒಂದೇ ಮಳೆ, ಇಳಿದು ಬರುವುದು ಒಂದೇ ಜಂಬಿಟ್ಟಿಗೆ ಗುಡ್ಡದ ನೀರು. ಆದರೂ ದೀಪಾವಳಿ ಕಳೆದ ಮೇಲೆ ಮೇಲಿನ ಕೆರೆಯಲ್ಲಿ ಎದೆಮಟ್ಟ ನಿಂತರೆ ಕಾಲಬೆರಳು ಎಣಿಸಬಹುದು. ಕೆಳಗಿನದರಲ್ಲಿ ಮೊಣಕೈವರೆಗೆ ಕೈಯಿಟ್ಟರೆ ಅಂಗೈ ಕಾಣುವುದಿಲ್ಲ. ನೀರು ಹೆಸರುಕಾಳು ಬೇಯಿಸಿದ ಕಟ್ಟಿನಂತೆ ಮಂದ ಹಸಿರು.

ಕಣ್ಣಂದಾಜು ಸಾಲದೆನಿಸಿ ಒಮ್ಮೆ ಊಟದ ತಟ್ಟೆಯೊಂದಕ್ಕೆ ಬಿಳಿ ಬಣ್ಣ ಬಳಿದು, ನಡುವೆ ತೂತು ಕೊರೆದು, ಹಗ್ಗ ಕಟ್ಟಿ ಎರಡೂ ಕೆರೆಗಳಿಗೆ ಇಳಿಬಿಟ್ಟೆ. ತಟ್ಟೆ ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಉಪಾಯ ಹಳೆಯದು. ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿಯೂ ಹೌದು, 1865ರಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಇಂಥದ್ದೇ ಬಿಳಿ ತಟ್ಟೆಗಳನ್ನು ಇಳಿಸಿ ನೋಡಿದ್ದರು. ಇಂದಿಗೂ ಕೆರೆ ಅಧ್ಯಯನ ಮಾಡುವವರ ಚೀಲದಲ್ಲಿ ಸೆಕ್ಕಿ ತಟ್ಟೆ ಇದ್ದೇ ಇರುತ್ತದೆ. ಮೇಲಿನ ಕೆರೆಯಲ್ಲಿ ನನ್ನ ತಟ್ಟೆ ಆರಡಿ ಇಳಿದು ಗಿಡಗಳ ಮೇಲೆ ಕುಳಿತ ಮೇಲೂ ಕಾಣುತ್ತಿತ್ತು. ಕೆಳಗಿನದರಲ್ಲಿ ಒಂದೂವರೆ ಗೇಣಿಗೆ ಮಾಯ. ಮನೆಯಲ್ಲಿ ತಟ್ಟೆ ಹಾಳು ಮಾಡಿದ್ದಕ್ಕೆ ಬೈಸಿಕೊಂಡದ್ದು ಬೇರೆ ಲೆಕ್ಕ.

ಊರಿನಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಕೆಳಗಿನ ಕೆರೆಗೆ ಗದ್ದೆಯ ಗೊಬ್ಬರ ಇಳಿಯುತ್ತದೆ. ಸುಳ್ಳಲ್ಲ. ರಂಜಕ, ಸಾರಜನಕ ಹೆಚ್ಚಿದರೆ ನೀರು ಹಸಿರಾಗುತ್ತದೆ ಎಂಬುದು ಪಾಠಪುಸ್ತಕದ ಮಾತು. ಆದರೆ ನಾನು ಹುಡುಗನಾಗಿದ್ದಾಗಲೂ ಆ ಗದ್ದೆಗಳಿಗೆ ಯೂರಿಯಾ ಬೀಳುತ್ತಿತ್ತು, ಆಗ ಕೆಳಗಿನ ಕೆರೆಯೂ ತಿಳಿಯಾಗಿಯೇ ಇತ್ತು. ನಾವು ಕಣ್ಣು ಬಿಟ್ಟುಕೊಂಡು ಮುಳುಗು ಹಾಕಿದ್ದು ಅಲ್ಲಿಯೇ. ಗೊಬ್ಬರ ಹಳೆಯದು, ಹಸಿರು ಹೊಸದು. ನಡುವೆ ಬದಲಾದದ್ದು ನೀರಿನೊಳಗಿನ ಸಂಸಾರ: ಯಾವ ಮೀನು, ಯಾವ ಗಿಡ, ಎಷ್ಟು ಬಸವನಹುಳು.

ಮುಂದೆ ಹೋಗುವ ಮೊದಲು ಒಂದು ಪದದ ತಕರಾರು ಬಗೆಹರಿಸಿಕೊಳ್ಳಬೇಕು. 'ಪಾಚಿ' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಮುಗಿಸಿಬಿಡುತ್ತೇವೆ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತ, ಒಂದೊಂದಾಗಿ ಕಣ್ಣಿಗೆ ಬೀಳದೆ, ಕೋಟಿಗಟ್ಟಲೆ ಸೇರಿ ನೀರಿಗೆ ಬಣ್ಣ ಕೊಡುವುದು ಒಂದು. ಇದನ್ನು ತೇಲುಪಾಚಿ ಎನ್ನೋಣ, ಪುಸ್ತಕದಲ್ಲಿ ಸಸ್ಯಪ್ಲವಕ ಎಂದಿರುತ್ತದೆ. ಮೆಟ್ಟಿಲ ಮೇಲೆ, ಕಲ್ಲಿನ ಮೇಲೆ, ಎಲೆಯ ಮೇಲೆ ಅಂಟಿ ಕುಳಿತು ಕಾಲು ಜಾರಿಸುವುದು ಇನ್ನೊಂದು. ಇದು ಲೋಳೆ. ಕಾಂಡ, ಎಲೆಯಿರುವ, ಬಳ್ಳಿಯಂತೆ ಕಾಲಿಗೆ ಸುತ್ತಿಕೊಳ್ಳುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೋಫಿಲ್ಲಮ್ ಮುಂತಾದವು ಮೂರನೆಯವು. ಇವು ನೀರಗಿಡಗಳು. ಈ ಮೂರೂ ಒಂದೇ ಬೆಳಕಿಗೆ, ಒಂದೇ ಗೊಬ್ಬರಕ್ಕೆ ಕಚ್ಚಾಡುವ ದಾಯಾದಿಗಳು. 'ಕೆರೆಯಲ್ಲಿ ಪಾಚಿ ಜಾಸ್ತಿಯಾಗಿದೆ, ತೆಗೆಸಿಕೊಡಿ' ಎಂದು ಅರ್ಜಿ ಕೊಟ್ಟರೆ ಬಂದವರು ಕಿತ್ತು ಹಾಕುವುದು ಮೂರನೆಯದನ್ನು, ಆಮೇಲೆ ಹೆಚ್ಚುವುದು ಮೊದಲನೆಯದು. ಅರ್ಜಿ ಕೊಟ್ಟವರಿಗೂ ಗೊತ್ತಿಲ್ಲ, ಕಿತ್ತವರಿಗೂ ಗೊತ್ತಿಲ್ಲ.

ಈ ಕಚ್ಚಾಟ ಇಷ್ಟು ಬಿರುಸಾಗುವುದಕ್ಕೆ ಕೆರೆಯ ಆಳವಿಲ್ಲದಿರುವಿಕೆಯೇ ಕಾರಣ. ಲಿಂಗನಮಕ್ಕಿಯಂಥ ಜಲಾಶಯದ ಆಳದ ಭಾಗದಲ್ಲಿ ತಳಕ್ಕೆ ಬೆಳಕು ಮುಟ್ಟುವುದಿಲ್ಲ, ತಳದ ಕೆಸರಿಗೂ ಮೇಲಿನ ನೀರಿಗೂ ತಿಂಗಳುಗಟ್ಟಲೆ ಮಾತುಕತೆಯಿಲ್ಲ. ಆಳು ಎರಡಾಳಿನ ಊರಕೆರೆಯಲ್ಲಿ ಹಾಗಲ್ಲ. ನೀರು ತಿಳಿಯಿದ್ದರೆ ಕೆರೆಯಂಗಳದ ಯಾವ ಮೂಲೆಯಲ್ಲೂ ಗಿಡ ಬೇರೂರಬಹುದು. ಗಿಡವಿಲ್ಲದಿದ್ದರೆ ಒಂದು ಜೋರು ಗಾಳಿಗೆ, ಒಂದು ಎಮ್ಮೆ ಹಿಂಡಿಗೆ ತಳದ ಕೆಸರೆಲ್ಲ ಮೇಲೆ. ತಳವೇ ಇಲ್ಲಿ ಯಜಮಾನ.

ನೀರಗಿಡ ನೀರನ್ನು ಬಗೆಬಗೆಯಲ್ಲಿ ತಿಳಿಯಾಗಿಡುತ್ತದೆ. ಬೇರಿನಿಂದ ಕೆಸರು ಹಿಡಿಯುತ್ತದೆ, ಎಲೆಯ ಸಂದಣಿಯಿಂದ ಅಲೆ ಮುರಿಯುತ್ತದೆ, ತೇಲುಪಾಚಿಗೆ ಸಿಗಬೇಕಾದ ಗೊಬ್ಬರವನ್ನು ತಾನೇ ಹೀರುತ್ತದೆ. ಸೆರಟೋಫಿಲ್ಲಮ್, ಗಿಡದಂತೆ ಬೆಳೆಯುವ ಕಾರಾದಂಥವು ತೇಲುಪಾಚಿಯ ಬೆಳವಣಿಗೆ ತಗ್ಗಿಸುವ ರಾಸಾಯನಿಕಗಳನ್ನೂ ನೀರಿಗೆ ಬಿಡುತ್ತವೆ. ನೀರು ತಿಳಿಯಾದಷ್ಟೂ ಬೆಳಕು, ಬೆಳಕು ಹೆಚ್ಚಿದಷ್ಟೂ ಗಿಡ, ಗಿಡ ಹೆಚ್ಚಿದಷ್ಟೂ ತಿಳಿ. ಇದೇ ಸುತ್ತು ತಿರುವುಮುರುವಾಗಿಯೂ ಓಡುತ್ತದೆ: ತೇಲುಪಾಚಿ ಹೆಚ್ಚಿ ಕತ್ತಲಾದರೆ ಗಿಡ ಸಾಯುತ್ತದೆ, ಗಿಡ ಸತ್ತರೆ ಕೆಸರು ಏಳುತ್ತದೆ, ಗೊಬ್ಬರವೆಲ್ಲ ಪಾಚಿಗೇ ಉಳಿಯುತ್ತದೆ.

ಆದ್ದರಿಂದ ಒಂದೇ ಕೆರೆಗೆ, ಒಂದೇ ಪ್ರಮಾಣದ ಗೊಬ್ಬರದಲ್ಲಿ, ಎರಡು ಸ್ವಭಾವಗಳು ಸಾಧ್ಯ. ಗಾಡಿಜಾಡು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದ ಮಣ್ಣುರಸ್ತೆಯಲ್ಲಿ ಎತ್ತಿನಗಾಡಿಯ ಚಕ್ರ ಒಂದು ಜಾಡಿಗೆ ಬಿದ್ದರೆ ಎಡಕ್ಕೋ ಬಲಕ್ಕೋ ಸ್ವಲ್ಪ ನೂಕಿದರೂ ಮತ್ತೆ ಅದೇ ಜಾಡಿಗೆ ಬಂದು ಕೂರುತ್ತದೆ. ಪಕ್ಕದ ಜಾಡಿಗೆ ಹಾಕಬೇಕಾದರೆ ಎಲ್ಲರೂ ಸೇರಿ ಒಮ್ಮೆ ಎತ್ತಬೇಕು. ಅಲ್ಲಿ ಬಿದ್ದ ಮೇಲೆ ಹಿಂದಿನ ಜಾಡಿಗೆ ತರಲು ಮತ್ತೆ ಅಷ್ಟೇ ಹೆಗಲು ಬೇಕು. ಡಚ್ ವಿಜ್ಞಾನಿ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಆಳವಿಲ್ಲದ ಕೆರೆಗಳ ಈ ಇಬ್ಬಗೆಯನ್ನು ಸಿದ್ಧಾಂತವಾಗಿ ಮುಂದಿಟ್ಟರು. ನೆದರ್‌ಲೆಂಡ್ಸಿನ ವೆಲುವೆಮೇರ್ ಸರೋವರ ಅದಕ್ಕೆ ಒಳ್ಳೆಯ ಸಾಕ್ಷಿ. 1960ರ ದಶಕದ ಕೊನೆಗೆ ಅದು ಕೊಳೆನೀರಿನಿಂದ ಹಸಿರಾಯಿತು. 1979ರಿಂದ ರಂಜಕ ಇಳಿಸಿದರೂ ಸರೋವರ ಬಹುಕಾಲ ಹಟ ಬಿಡಲಿಲ್ಲ. 1990ರ ದಶಕದಲ್ಲಿ ತಳ ಕೆದಕುವ ಬ್ರೀಮ್ ಮೀನುಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ತೆಗೆದ ಮೇಲೆಯೇ ಅದು ಪೂರ್ತಿ ತಿಳಿಯಾದದ್ದು.

ನಮ್ಮ ಕೆಂಪು ಮಣ್ಣಿನಲ್ಲಿ ಈ ಹಟಕ್ಕೆ ಇನ್ನೊಂದು ಎಳೆ ಸೇರುತ್ತದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅಡಿಕೆ ತೋಟಕ್ಕೆ ಹಾಕಿದ ರಂಜಕ ಮರಕ್ಕೆ ಸಿಗದೆ ಮಣ್ಣಿಗೇ ಅಂಟುತ್ತದೆಂದು ಬೆಳೆಗಾರರು ಗೊಣಗುವುದು ಇದಕ್ಕೇ. ಕೆರೆಗೆ ಇದು ವರ, ಆದರೆ ಷರತ್ತಿನ ವರ. ತಳದ ಕೆಸರಿನಲ್ಲಿ ಆಮ್ಲಜನಕ ತೀರಿದರೆ ಕಬ್ಬಿಣದ ರೂಪ ಬದಲಾಗಿ ಹಿಡಿತ ಸಡಿಲುತ್ತದೆ, ವರ್ಷಗಟ್ಟಲೆ ಕೂಡಿಟ್ಟ ರಂಜಕ ಒಮ್ಮೆಲೇ ನೀರಿಗೆ ಬರುತ್ತದೆ. ಹೊರಗಿನ ಗೊಬ್ಬರ ನಿಲ್ಲಿಸಿದರೂ ಕೆರೆ ತನ್ನ ಕಣಜದಿಂದಲೇ ಉಣ್ಣುತ್ತದೆ.

ಇಷ್ಟು ಹಿನ್ನೆಲೆ ಸಾಕು. ಈಗ ಬಸವನಹುಳು.

ಮಲೆನಾಡಿನಲ್ಲಿ ಬಸವನಹುಳುವಿನ ಹೆಸರೆತ್ತಿದರೆ ತೋಟದವರು ಮುಖ ಸಿಂಡರಿಸುತ್ತಾರೆ. ಅಡಿಕೆ ಸಸಿ, ಬಾಳೆ, ಏಲಕ್ಕಿ ಎನ್ನದೆ ಮೇಯುವ ಆಫ್ರಿಕಾದ ಶಂಖದ ಹುಳು ಅವರ ಕಣ್ಣ ಮುಂದೆ ಬರುತ್ತದೆ. ಕೆರೆಯವು ಬೇರೆ ಜಾತಿ, ಬೇರೆ ಕಸುಬು. ಮೇಲಿನ ಕೆರೆಯಿಂದ ಒಂದು ಹೈಡ್ರಿಲ್ಲಾ ಎಳೆ ಕಿತ್ತು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡಿ. ಎಲೆ ಗರಗರ ಎನ್ನುತ್ತದೆ, ಹಸಿರು ಎದ್ದು ಕಾಣುತ್ತದೆ. ಕೆಳಗಿನ ಕೆರೆಯ ಅಂಚಿನಲ್ಲಿ ಅಳಿದುಳಿದ ಎಳೆಯನ್ನು ಹಾಗೆಯೇ ಎಳೆದರೆ ಬೆರಳಿಗೆ ಕಂದು ಲೋಳೆ ಮೆತ್ತಿಕೊಳ್ಳುತ್ತದೆ. ಒರೆಸಿದ ಮೇಲೆ ಒಳಗಿನ ಎಲೆ ಬಿಳಿಚಿಕೊಂಡಿರುತ್ತದೆ. ನೀರಗಿಡಕ್ಕೆ ಬೆಳಕು ಎರಡು ಪರದೆ ದಾಟಿ ಬರಬೇಕು: ನೀರು ಮೊದಲನೆಯದು, ಎಲೆಯ ಮೇಲಿನ ಲೋಳೆ ಎರಡನೆಯದು. ನೀರು ಇನ್ನೂ ತಿಳಿಯಿರುವಾಗಲೇ ಲೋಳೆ ದಪ್ಪವಾಗಿ ಗಿಡ ಉಸಿರುಗಟ್ಟಿ ಸಾಯುವುದುಂಟು. ಆಮೇಲೆ ನೀರು ಹಸಿರಾಗುತ್ತದೆ. ನಾವು ಹಸಿರನ್ನು ನೋಡಿ ಗಿಡ ಸತ್ತದ್ದು ಅದರಿಂದ ಎಂದುಕೊಳ್ಳುತ್ತೇವೆ.

ಈ ಎರಡನೆಯ ಪರದೆಯನ್ನು ದಿನವೂ ಉಜ್ಜಿ ತೆಗೆಯುವ ಆಳು ಬಸವನಹುಳು. ಅದರ ನಾಲಿಗೆ ನಮ್ಮದರಂತಲ್ಲ. ಸಾವಿರಾರು ಸಣ್ಣ ಹಲ್ಲುಗಳನ್ನು ಸಾಲುಸಾಲಾಗಿ ಜೋಡಿಸಿದ ಪಟ್ಟಿ, ಅರದಂತೆ. ಗಾಜಿನ ತೊಟ್ಟಿಯ ಗೋಡೆಯ ಮೇಲೆ ಅದು ಹೋದ ಹಾದಿಯಲ್ಲಿ ಲೋಳೆ ಹೆರೆದ ಅಂಕುಡೊಂಕು ಗೆರೆ ಉಳಿಯುತ್ತದೆ, ಮಗು ಬಳಪದಲ್ಲಿ ಗೀಚಿದ ಹಾಗೆ. ಗಟ್ಟಿ ಎಲೆಗಿಂತ ಮೆತ್ತನೆಯ ಲೋಳೆ ಅದಕ್ಕೆ ಇಷ್ಟ. ಹೆರೆದು ತಿಂದು ಹಾಕಿದ ಹಿಕ್ಕೆ ಗಿಡಕ್ಕೇ ಗೊಬ್ಬರ. ಗಿಡ ಅದಕ್ಕೆ ಮೇವಿನ ಮಾಳ, ಮೊಟ್ಟೆಯಿಡಲು ಜಾಗ, ಮೀನಿನಿಂದ ಮರೆ. ಸ್ವೀಡನ್ನಿನ ಕ್ರಿಸ್ಟರ್ ಬ್ರೋನ್‌ಮಾರ್ಕ್ 1980ರ ದಶಕದ ಕೊನೆಯಿಂದ ಈ ಕೊಡುಕೊಳ್ಳುವಿಕೆಯ ಬೆನ್ನು ಹತ್ತಿದರು. 1994ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ತಿರುಳು ಹೀಗೆ: ಬಸವನಹುಳು ತಿನ್ನುವ ಮೀನನ್ನು ಬಿಟ್ಟಲ್ಲಿ ಹುಳು ಕಡಿಮೆಯಾಯಿತು, ಲೋಳೆ ದಪ್ಪವಾಯಿತು, ಗಿಡ ಸೊರಗಿತು. ಮೀನು ಗಿಡವನ್ನು ಮುಟ್ಟಿಯೇ ಇರಲಿಲ್ಲ. 2003ರಲ್ಲಿ ಇಂಗ್ಲೆಂಡಿನ ಆಳವಿಲ್ಲದ ಕೆರೆಗಳನ್ನು ಹೋಲಿಸಿದ ಇಬ್ಬರು ಇನ್ನೂ ಖಾರವಾದ ಮಾತು ಹೇಳಿದರು. ಎಲೆಯ ಮೇಲೆ ಎಷ್ಟು ಲೋಳೆ ಕೂರುತ್ತದೆ ಎಂಬುದು ನೀರಿನ ಗೊಬ್ಬರಕ್ಕಿಂತ ಅದನ್ನು ಮೇಯುವ ಹುಳುಹುಪ್ಪಟೆಗಳ ಸಂಖ್ಯೆಗೆ ತಕ್ಕಂತೆ ಇರುತ್ತದೆ, ಆ ಸಂಖ್ಯೆ ಮೀನುಗಳಿಗೆ ತಕ್ಕಂತೆ.

ನಂಬಿಕೆ ಬಾರದಿದ್ದರೆ ಅಡುಗೆಮನೆಯ ಕಿಟಕಿಯಲ್ಲಿ ಪರೀಕ್ಷೆ ಮಾಡಬಹುದು. ಎರಡು ಉಪ್ಪಿನಕಾಯಿ ಜಾಡಿ, ಎರಡರಲ್ಲೂ ಕೆರೆಯ ನೀರು, ಒಂದೇ ಉದ್ದದ ಹೈಡ್ರಿಲ್ಲಾ ಎಳೆ. ಒಂದಕ್ಕೆ ಸಣ್ಣ ಜಾತಿಯ ನಾಲ್ಕೈದು ಬಸವನಹುಳು ಬಿಡಿ, ಇನ್ನೊಂದಕ್ಕೆ ಬೇಡ. ಎರಡು ಮೂರು ವಾರ ಬಿಟ್ಟು ಜಾಡಿಯ ಗಾಜನ್ನೂ ಎಲೆಯನ್ನೂ ನೋಡಿ. ಶಾಲೆಯ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದಾಗ ಒಬ್ಬ ಹುಡುಗ 'ಇದು ಕೆರೆಗೆ ಪಾತ್ರೆ ತೊಳೆಯುವವಳು' ಎಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಎಲ್ಲ ಬಸವನಹುಳುಗಳೂ ಇಷ್ಟು ಸಾಧುಗಳಲ್ಲ. ನಮ್ಮ ಗದ್ದೆ ಕೆರೆಗಳ ದೊಡ್ಡ ಗುಂಡುಹುಳು, ಪೈಲಾ ಜಾತಿಯದು, ಲೋಳೆಯ ಜತೆಗೆ ಮೆತ್ತನೆಯ ಎಲೆಗಳನ್ನೂ ಮೇಯುತ್ತದೆ. ಅದರ ದಕ್ಷಿಣ ಅಮೆರಿಕದ ನೆಂಟ, ಚಿನ್ನದ ಬಣ್ಣದ ಸೇಬುಹುಳು, ತಿನ್ನಲೆಂದು 1980ರ ಸುಮಾರಿಗೆ ಪೂರ್ವ ಏಷ್ಯಾಕ್ಕೆ ಬಂದು ಗದ್ದೆಗಳಿಗೆ ತಪ್ಪಿಸಿಕೊಂಡಿತು. ಥಾಯ್ಲೆಂಡಿನ ಜೌಗುಗಳಲ್ಲಿ ಅದು ನೀರಗಿಡಗಳನ್ನು ನುಣ್ಣಗೆ ಬೋಳಿಸಿ, ಅವುಗಳಲ್ಲಿದ್ದ ರಂಜಕವನ್ನು ನೀರಿಗೆ ಬಿಟ್ಟು, ತಿಳಿನೀರನ್ನು ತೇಲುಪಾಚಿಯ ಗಂಜಿ ಮಾಡಿದ್ದನ್ನು 2004ರಲ್ಲಿ ಸಂಶೋಧಕರು ದಾಖಲಿಸಿದರು. ಪಾತ್ರೆ ತೊಳೆಯುವವಳು ಪಾತ್ರೆಯನ್ನೇ ತಿಂದ ಕತೆ. ದನ ಕಟ್ಟಿದವರಿಗೂ ಒಂದು ದೂರಿದೆ. ಲಿಮ್ನಿಯಾ ಮತ್ತು ಚಪ್ಪಟೆ ಸುರುಳಿಯ ಇಂಡೋಪ್ಲಾನಾರ್ಬಿಸ್ ಜಾತಿಗಳು ದನಗಳ ಪಿತ್ತಜನಕಾಂಗದ ಚಪ್ಪಟೆಹುಳುವಿಗೂ ಮೂಗಿನ ಗೊರಕೆ ರೋಗದ ಹುಳುವಿಗೂ ತಂಗುದಾಣ. ಕೆರೆಯ ನೀರಿಗಿಳಿದ ಎತ್ತು ಗೊರಗೊರ ಎಂದು ಉಸಿರಾಡತೊಡಗಿದರೆ ಅದರ ಹಿಂದೆ ಈ ಹುಳುವೂ ಇರುತ್ತದೆ. ಹಾಗೆಂದು ಎಲ್ಲವನ್ನೂ ಕೊಲ್ಲುವುದು ನೆಗಡಿಗೆ ಮೂಗು ಕೊಯ್ದಂತೆ.

ಮಲೆನಾಡಿನಲ್ಲಿ ಬಸವನಹುಳುವಿನ ಬದುಕೂ ಸುಲಭವಲ್ಲ. ಚಿಪ್ಪಿಗೆ ಸುಣ್ಣ ಬೇಕು, ಈ ಮಳೆ ತೊಳೆದ ಮಣ್ಣಿನ ನೀರು ಮೆದು, ಅದರಲ್ಲಿ ಸುಣ್ಣ ಕಡಿಮೆ. ನಮ್ಮ ಕೆರೆಯ ಹುಳುಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಎಷ್ಟೋ ಚಿಪ್ಪುಗಳ ತುದಿ ಸವೆದು ಬಿಳಿ ಕಲೆಯಾಗಿರುತ್ತದೆ. ಇನ್ನೊಂದು ಅಪಾಯ ನಾವೇ ತರುವುದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯದ ಅಡಿಕೆ ತೋಟ ನಮ್ಮಲ್ಲಿ ವಿರಳ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಬೆರೆತ ಮೇಲೆ ತಾಮ್ರದ ಉಗ್ರತೆ ತಗ್ಗುತ್ತದೆ ನಿಜ. ಆದರೆ ಬರಿಯ ಮೈಲುತುತ್ತ ಕಲಸಿದ ಡ್ರಮ್ಮನ್ನು ಕೆರೆಯ ಮೆಟ್ಟಿಲಲ್ಲಿ ತೊಳೆಯುವುದನ್ನು ನಾನೇ ಎಷ್ಟೋ ಬಾರಿ ಕಂಡಿದ್ದೇನೆ. ಚಪ್ಪಟೆಹುಳು ರೋಗ ತಡೆಯಲು ಜಗತ್ತಿನ ಹಲವೆಡೆ ಬಸವನಹುಳುಗಳನ್ನು ಕೊಲ್ಲಲು ಬಳಸಿದ ವಿಷವೇ ಈ ಮೈಲುತುತ್ತ.

ಇನ್ನು ಮೀನು. ಮೀನು ಎಂದರೆ ಒಂದೇ ಜಾತಿಯಲ್ಲ, ಇಲ್ಲಿಯೇ ಲೆಕ್ಕ ಜಟಿಲವಾಗುವುದು.

ತೇಲುಪಾಚಿಯನ್ನು ಸೋಸಿ ತಿನ್ನುವ ಸಣ್ಣ ಜೀವಿಗಳಿವೆ. ನೀರಚಿಗಟ ಎಂದು ಕರೆಯುವ ಡಾಫ್ನಿಯಾ ಅವುಗಳಲ್ಲಿ ಪ್ರಸಿದ್ಧ. ಜಾನ್ ಬ್ರೂಕ್ಸ್ ಮತ್ತು ಸ್ಟ್ಯಾನ್ಲಿ ಡಾಡ್ಸನ್ ಅಮೆರಿಕದ ಕನೆಕ್ಟಿಕಟ್‌ನ ಸರೋವರವೊಂದರಲ್ಲಿ 1942ರ ಮತ್ತು 1964ರ ನೀರಿನ ಜೀವಿಗಳನ್ನು ಹೋಲಿಸಿದರು. ನಡುವೆ ಬ್ಲೂಬ್ಯಾಕ್ ಹೆರಿಂಗ್ ಎಂಬ ಮೀನು ಅಲ್ಲಿ ಸೇರಿತ್ತು. ದಪ್ಪ ನೀರಚಿಗಟಗಳೆಲ್ಲ ಕಾಣೆಯಾಗಿ ಸೂಕ್ಷ್ಮ ಜೀವಿಗಳಷ್ಟೇ ಉಳಿದಿದ್ದವು. ಕಣ್ಣಿನಿಂದ ಹುಡುಕಿ ತಿನ್ನುವ ಮೀನು ದೊಡ್ಡದನ್ನೇ ಮೊದಲು ಆರಿಸುತ್ತದೆ, ಸೋಸುವ ಕಸುವಿರುವುದು ಆ ದೊಡ್ಡವಕ್ಕೇ. ಹೀಗಾಗಿ ಸಣ್ಣ ಮೀನು ಹೆಚ್ಚಿದರೆ ನೀರು ಹಸಿರು, ಸಣ್ಣ ಮೀನನ್ನು ನುಂಗುವ ದೊಡ್ಡ ಮೀನಿದ್ದರೆ ನೀರು ತಿಳಿ. ಮತ್ಸ್ಯನ್ಯಾಯದಿಂದಲೂ ಒಮ್ಮೊಮ್ಮೆ ನ್ಯಾಯ ಸಿಗುತ್ತದೆ.

ಈ ಸೂತ್ರವನ್ನು ಹಾಗೆಯೇ ಎತ್ತಿ ತಂದು ಸೊರಬದ ಕೆರೆಗೆ ಅಂಟಿಸಿದರೆ ಹಿಡಿಯುವುದಿಲ್ಲ. ಡೆನ್ಮಾರ್ಕಿನ ತಣ್ಣನೆಯ ಕೆರೆಗಳಲ್ಲೂ ಉರುಗ್ವೆಯ ಬೆಚ್ಚನೆಯ ಕೆರೆಗಳಲ್ಲೂ ಒಂದೇ ಬಗೆಯ ಕೃತಕ ಗಿಡಗಳನ್ನು ಇಳಿಬಿಟ್ಟು ಯಾರು ಬಂದು ಸೇರುತ್ತಾರೆಂದು ನೋಡಿದ ಅಧ್ಯಯನವೊಂದು 2007ರಲ್ಲಿ ಬಂತು. ಡೆನ್ಮಾರ್ಕಿನಲ್ಲಿ ಗಿಡದ ಮರೆಗೆ ಬಂದದ್ದು ನೀರಚಿಗಟದಂಥ ಜೀವಿಗಳು. ಉರುಗ್ವೆಯಲ್ಲಿ ಬಂದು ತುಂಬಿದ್ದು ಸಣ್ಣ ಮೀನುಗಳೇ, ಪಾಪದ ಚಿಗಟಗಳಿಗೆ ಅಡಗಲು ಜಾಗವೇ ಇಲ್ಲ. ಬೆಚ್ಚನೆಯ ನೀರಿನಲ್ಲಿ ಮೀನುಗಳು ಸಣ್ಣವು, ಸಂಖ್ಯೆಯಲ್ಲಿ ಹೆಚ್ಚು, ವರ್ಷದಲ್ಲಿ ಹಲವು ಬಾರಿ ಮರಿ. ಗಿಡ ಕೆಸರು ಹಿಡಿಯುವುದು, ಗೊಬ್ಬರ ಹೀರುವುದು ನಮ್ಮಲ್ಲೂ ಉಂಟು. ನೀರಚಿಗಟದ ಸಹಾಯವನ್ನು ಮಾತ್ರ ಹೆಚ್ಚು ನೆಚ್ಚುವಂತಿಲ್ಲ.

ನಮ್ಮ ಕೆರೆಗಳಲ್ಲಿ ಹಿಂದೆ ಇದ್ದದ್ದು ಪಕ್ಕೆ, ಕುಚ್ಚು, ಮುರುಗೋಡು, ಎಲ್ಲೋ ಒಂದೆರಡು ಬಾಳೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ, ಗದ್ದೆಯಿಂದ ಕೆರೆಗೆ ನೀರಿನ ವಿರುದ್ಧ ಹತ್ತಿ ಬರುತ್ತಿದ್ದವು. ಹತ್ತುಮೀನು ಹಿಡಿಯಲು ರಾತ್ರಿ ಟಾರ್ಚ್ ಹಿಡಿದು ಹೋದವರಿಗೆ ಆ ಸದ್ದು ಮರೆಯುವುದಿಲ್ಲ. ಕುಚ್ಚು ಬೇಟೆಗಾರ, ಸಣ್ಣ ಮೀನಿನ ಸಂತೆಯನ್ನು ಹದದಲ್ಲಿಡುತ್ತದೆ. ಆಮೇಲೆ ಬಂದವು ಬಿತ್ತಿದ ಮೀನುಗಳು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮರಿ ಮಾಡಿಸಿದ ಮೇಲೆ ಗಂಗೆಯ ಕಾಟ್ಲಾ, ರೋಹು, ಮೃಗಾಲ್ ದೇಶದ ಎಲ್ಲ ಕೆರೆಗಳಿಗೂ ಪ್ಲಾಸ್ಟಿಕ್ ಚೀಲದಲ್ಲಿ ಪಯಣಿಸಿದವು. ಹೊರದೇಶದವು ಸ್ವಲ್ಪ ಹಿಂದೆ ಮುಂದೆ: ಜಿಲೇಬಿ ಎಂದು ಮಾರುವ ತಿಲಾಪಿಯಾ 1952ರಲ್ಲಿ, ಬ್ಯಾಂಕಾಕ್ ತಳಿಯ ಸಾಮಾನ್ಯ ಗೆಂಡೆ 1957ರಲ್ಲಿ, ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆ 1959ರಲ್ಲಿ.

ಇವುಗಳಲ್ಲಿ ಎಲ್ಲವೂ ಕೆರೆ ಕೆಡಿಸುವುದಿಲ್ಲ. ರೋಹು ಲೋಳೆಯನ್ನೂ ಕೆರೆದು ತಿನ್ನುತ್ತದೆ. ಬಾಂಗ್ಲಾದೇಶದಲ್ಲಿ ಕೊಳದಲ್ಲಿ ಬಿದಿರು ನೆಟ್ಟು ಅದರ ಮೇಲೆ ಲೋಳೆ ಬೆಳೆಸಿ ರೋಹು ಸಾಕುವ ಪದ್ಧತಿಯನ್ನೇ ರೂಢಿಸಿದ್ದಾರೆ. ನನ್ನ ಸಿಟ್ಟು ಇಬ್ಬರ ಮೇಲೆ. ಮೊದಲನೆಯದು ಸಾಮಾನ್ಯ ಗೆಂಡೆ. ಅದು ಮೂತಿಯನ್ನು ಕೆಸರಿಗೆ ತೂರಿಸಿ, ಬಾಯಿತುಂಬ ಹೀರಿ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಉಗುಳುತ್ತದೆ. ದಿನವಿಡೀ ಅದೇ ಕೆಲಸ. ಗಿಡದ ಬೇರು ಸಡಿಲ, ನೀರು ಕದಡು, ಕೆಸರಿನ ರಂಜಕ ಮೇಲಕ್ಕೆ. ಮೀನು ಶುಚಿಮಾಡುವಾಗ ಗೆಂಡೆಯ ತಲೆಯನ್ನು ಎಸೆಯದೆ ಗಂಟಲು ಬಿಡಿಸಿ ನೋಡಿ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇವೆ, ನಮ್ಮ ದವಡೆಹಲ್ಲಿನಂತೆ ಚಪ್ಪಟೆಯಾದವು, ಬೀಸುಕಲ್ಲಿನ ಹಾಗೆ. ಸಣ್ಣ ಬಸವನಹುಳುವಿನ ಚಿಪ್ಪು ಅಲ್ಲಿ ಪುಡಿ. ಮೀನಿನ ವಾಸನೆ, ಜಜ್ಜಿದ ಒಡಹುಟ್ಟಿನ ವಾಸನೆ ಹಿಡಿದ ಮಾತ್ರಕ್ಕೆ ಉಳಿದ ಹುಳುಗಳು ಮೇಯುವುದು ಬಿಟ್ಟು ಸಂದಿಗೊಂದಿ ಸೇರುತ್ತವೆ. ತಿಂದದ್ದರ ಜತೆಗೆ ಹೆದರಿಸಿದ್ದೂ ಲೋಳೆಗೆ ಲಾಭ.

ಎರಡನೆಯದು ಹುಲ್ಲುಗೆಂಡೆ. 'ಪಾಚಿ' ತೆಗೆಸಲು ಇದನ್ನು ಬಿಡಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅನುಕೂಲ ಸಿಕ್ಕರೆ ದಿನಕ್ಕೆ ತನ್ನ ತೂಕದಷ್ಟು ನೀರಗಿಡ ಮೇಯುವ ಮೀನು. ಅದಕ್ಕೆ ರುಚಿ ಹೈಡ್ರಿಲ್ಲಾ. ತೇಲುವ ಕತ್ತೆಕಿವಿ ಗಿಡವನ್ನು ಹಸಿವು ತೀರ ಮಿತಿ ಮೀರಿದರೆ ಮಾತ್ರ ಮುಟ್ಟೀತು. ತಿಂದದ್ದರಲ್ಲಿ ಬಹುಪಾಲು ಜೀರ್ಣವಾಗದೆ ನೀರಿಗೇ ಗೊಬ್ಬರವಾಗಿ ಬೀಳುತ್ತದೆ. ಲೆಕ್ಕ ಹಾಕಿದರೆ ಇದು ನೀರಗಿಡವನ್ನು ತೇಲುಪಾಚಿಯಾಗಿ ಪರಿವರ್ತಿಸುವ ಯಂತ್ರ. ನಮ್ಮ ಕೆಳಗಿನ ಕೆರೆಯನ್ನು ಮೀನಿನ ಗುತ್ತಿಗೆಗೆ ಕೊಟ್ಟ ಮೊದಲ ವರ್ಷ ಈ ಎರಡೂ ಅದಕ್ಕೆ ಬಂದವು. ಎರಡನೆಯ ಮಳೆಗಾಲದ ಹೊತ್ತಿಗೆ ಗಿಡ ಇರಲಿಲ್ಲ. ಮೂರನೆಯ ವರ್ಷದಿಂದ ಹೆಸರುಕಟ್ಟು. ಗುತ್ತಿಗೆದಾರರನ್ನು ದೂರಿ ಫಲವಿಲ್ಲ, ಅವರಿಗೆ ಹೇಳಿಕೊಟ್ಟದ್ದು ಕಿಲೋ ಲೆಕ್ಕ.

ಇಲ್ಲಿ ಕೆರೆಬೇಟೆಯ ಮಾತು ಬರಬೇಕು. ಬೇಸಿಗೆಯಲ್ಲಿ ಕೆರೆ ಸೊಂಟಮಟ್ಟಕ್ಕೆ ಇಳಿದಾಗ ಪೂಜೆ ಮುಗಿಸಿ, ಸೂಚನೆ ಸಿಕ್ಕೊಡನೆ ನೂರಾರು ಜನ ಬಿದಿರಿನ ಕೂಣಿ ಹಿಡಿದು ಒಮ್ಮೆಲೇ ನುಗ್ಗುತ್ತಾರೆ. ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಯಿಂದ ಕೈ ಇಳಿಸಿ ತಡಕಬೇಕು. ಕೈಗೆ ಮೀನು ಬಂದೀತು, ಮುರುಗೋಡಿನ ಮುಳ್ಳೂ ಚುಚ್ಚೀತು. ಕದಡಿದ ನೀರಿನಲ್ಲಿ ಮೀನು ಹಿಡಿಯುವುದು ಗಾದೆಯಾಗುವ ಮೊದಲು ಕಸುಬಾಗಿತ್ತು. ಅಂದು ಕೆರೆ ನೋಡಿದವರು ಇದು ಕೆರೆ ಕೆಡಿಸುವ ಕೆಲಸ ಎನ್ನಬಹುದು. ನನಗೆ ಹಾಗನಿಸುವುದಿಲ್ಲ. ವರ್ಷಕ್ಕೊಮ್ಮೆ ತಳ ಕೆದಕುವ ಮೀನಿನ ಬಹುಪಾಲು ಖಾಲಿ, ಅಂಗಳದ ಅಂಚು ಒಣಗಿ ಬಿರುಕು ಬಿಟ್ಟು ಕೆಸರು ಗಟ್ಟಿ, ಮುಂದೆ ಒಂದೂವರೆ ತಿಂಗಳಿಗೆ ಹೊಸ ನೀರು. ನೀರಿನ ಗುಣ ಸುಧಾರಿಸಲು ಬೇಕೆಂದೇ ಮೀನಿನ ಸಂಖ್ಯೆ ತಗ್ಗಿಸುವ ವಿಧಾನಕ್ಕೆ ಪಶ್ಚಿಮದಲ್ಲಿ 1975ರಲ್ಲಿ ಹೆಸರಿಟ್ಟರು. ನಮ್ಮಲ್ಲಿ ಅದು ಹಬ್ಬದ ಊಟದ ನೆಪದಲ್ಲಿ ನಡೆಯುತ್ತಿತ್ತು. ಗಿಡಗಳಿಗೂ ಈ ಒಣಗುವಿಕೆ ಅಭ್ಯಾಸ. ಹೈಡ್ರಿಲ್ಲಾದ ಗೆಡ್ಡೆ, ಕಾರಾದ ಬೀಜಕ ಕೆಸರಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು. ಪೈಲಾ ಹುಳು ಬಾಗಿಲು ಮುಚ್ಚಿಕೊಂಡು ಮಣ್ಣಿನೊಳಗೆ ಮಲಗಿ ಮೊದಲ ಮಳೆಗೆ ಏಳುತ್ತದೆ. ಏಳುವುದನ್ನೇ ಬಾಯ್ಕಳಕ ಕೊಕ್ಕರೆ ಕಾಯುತ್ತಿರುತ್ತದೆ.

ಸೊರಬದ ಪಕ್ಷಿಧಾಮ ಗುಡವಿಯ ಮಾತು ಬೇರೆ. ಮಳೆಗಾಲದಲ್ಲಿ ಕೆರೆಯೊಳಗಿನ ಮರಗಳ ಮೇಲೆ ಗೂಡುಕಟ್ಟುವ ಕೆಂಬರಲು, ಬೆಳ್ಳಕ್ಕಿಗಳ ಹಿಕ್ಕೆ ನೇರ ನೀರಿಗೆ. ಅದೂ ಗೊಬ್ಬರವೇ. ಮಳೆಗಾಲದ ಕೋಡಿ ಹರಿವು ಇಂಥ ಎಷ್ಟನ್ನೋ ತೊಳೆದು ಕಳಿಸುತ್ತದೆ. ಮಲೆನಾಡಿನ ಕೆರೆಗಳಿಗೆ ಬಯಲುಸೀಮೆಯವಕ್ಕೆ ಇಲ್ಲದ ಅದೃಷ್ಟವಿದು.

ಪೇಟೆಯ ಕೆರೆಗಳಿಗೆ ಮೂರನೆಯ ಜಾಡೂ ಇದೆ, ತೇಲುಗಿಡದ್ದು. ಕತ್ತೆಕಿವಿ, ಅಂತರಗಂಗೆ ಮೇಲೆ ಹಾಸಿಕೊಂಡರೆ ಕೆಳಗೆ ಕತ್ತಲು. ಗಿಡ, ಲೋಳೆ, ತೇಲುಪಾಚಿ ಮೂವರಿಗೂ ಅನ್ನವಿಲ್ಲ, ನೀರಿಗೆ ಉಸಿರಿಲ್ಲ. ಅಲ್ಲಿ ಕೊಳೆನೀರು ನಿಲ್ಲಿಸದೆ ಬೇರೆ ಮಾತಿಲ್ಲ. ಹಳ್ಳಿಯ ಕೆರೆಗೆ ಈಗಿನ ದೊಡ್ಡ ಪೆಟ್ಟು ಹೂಳೆತ್ತುವ ರೀತಿಯದು. ಹೂಳಿನ ಜತೆ ಕೂಡಿಟ್ಟ ರಂಜಕವೂ ಹೋಗುತ್ತದೆ, ಅಷ್ಟು ಒಳ್ಳೆಯದೇ. ಆದರೆ ಜೆಸಿಬಿ ಬಂದರೆ ದಂಡೆಯನ್ನೂ ಗೋಡೆಯಂತೆ ಕತ್ತರಿಸಿ, ಕೆರೆಯನ್ನು ಸ್ನಾನದ ತೊಟ್ಟಿ ಮಾಡಿ ಹೋಗುತ್ತದೆ. ಮೊಣಕಾಲುದ್ದದ ನೀರಿನ ಆ ಇಳಿಜಾರು ಅಂಚಿನಲ್ಲಿಯೇ ಗಿಡ ಮೊದಲು ಬೇರೂರುವುದು, ಹುಳು ಮೊಟ್ಟೆಯಿಡುವುದು, ಕುಚ್ಚು ಮರಿಗಳನ್ನು ಕಾಯುವುದು. ಮೂರು ಕಡೆ ಆಳ ಮಾಡಿ, ಒಂದು ಕಡೆಯ ಅಂಚನ್ನಾದರೂ ಹಾಗೇ ಬಿಡಿ ಎಂದು ನಾನು ಸಭೆಯಲ್ಲಿ ಹೇಳಿದಾಗ ಒಬ್ಬರು, ನಿಮ್ಮ ಹುಳುವಿಗೋಸ್ಕರ ಹದಿನೈದು ಟ್ರ್ಯಾಕ್ಟರ್ ಮಣ್ಣು ಬಿಡಬೇಕೇ ಎಂದು ನಕ್ಕರು.

ಕಳೆದ ವರ್ಷ ಗುತ್ತಿಗೆ ಮುಗಿಯಿತು, ಹೊಸಬರು ಮುಂದೆ ಬರಲಿಲ್ಲ. ಬೇಸಿಗೆಯಲ್ಲಿ ಕೆಳಗಿನ ಕೆರೆಯಲ್ಲಿ ಬಹಳ ವರ್ಷಗಳ ನಂತರ ಕೂಣಿ ಇಳಿಯಿತು. ಬುಟ್ಟಿಗೆ ಬಿದ್ದದ್ದು ಮುಕ್ಕಾಲು ಪಾಲು ಗೆಂಡೆ, ಜಿಲೇಬಿ. ಮೂಲೆಯೊಂದು ಪೂರ್ತಿ ಒಣಗಿತು. ನವೆಂಬರಿನಲ್ಲಿ ಅದೇ ತಟ್ಟೆ ಹಿಡಿದು ಹೋದೆ. ನಡುವೆ ಇನ್ನೂ ಹಸಿರೇ, ತಟ್ಟೆ ಎರಡು ಗೇಣು ದಾಟಲಿಲ್ಲ. ಒಣಗಿದ್ದ ಮೂಲೆಯಲ್ಲಿ ನಾಲ್ಕು ಗೇಣು ಇಳಿದು ತಳ ಮುಟ್ಟಿತು. ಅಲ್ಲಿ ಎರಡು ಮಂಚದಗಲ ಹೈಡ್ರಿಲ್ಲಾ ಎದ್ದಿತ್ತು. ಒಂದು ಎಳೆ ಕಿತ್ತು ಬೆರಳಲ್ಲಿ ಎಳೆದೆ, ಗರಗರ ಎಂದಿತು. ಎಲೆಗಳ ಅಡಿಯಲ್ಲಿ ಮೆಣಸಿನಕಾಳಿನಷ್ಟು ದಪ್ಪದ ಬಸವನಹುಳುಗಳು, ಆ ಒಂದೇ ಎಳೆಯಲ್ಲಿ ಹನ್ನೊಂದು.